ಹನ್ನೆರಡೂಕಾಲರ ಬ್ಯಾಚು

ಶನಿವಾರ, ತಾರೀಕು 14, ಸಂಜೆ

ಅಮ್ಮಾ, ನಮಸ್ಕಾರ. ಅಕ್ಕನಿಗೂ ಅವಳ ಹೊಸ ಕೂಸಿಗೂ ನನ್ನ ಮುತ್ತು.

ನಿನ್ನೆ ನಮ್ಮ ಫ್ಯಾಕ್ಟರಿಯ ಹನ್ನೆರಡೂಕಾಲರ ಬ್ಯಾಚಿನಲ್ಲಿ ನಲವತ್ತು ಸರ್ಕ್ಯೂಟ್ ಬೋರ್ಡುಗಳ ಪೈಕಿ ಹದಿನೇಳು ಕೆಟ್ಟಿವೆ. ಹೀಗೆಂದು ವರದಿ ಕೊಟ್ಟವಳು ನಾನು. ತಪಾಸಣೆಗೆ ಸೇರಿದ ಮೇಲೆ ಭೂತಗನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ನನ್ನ ಕೆಲಸ.

ಹತ್ತು ಕೆಲಸದ ದಿನಗಳಿಂದ ಇದೇ ಕಥೆ. ಬೆಳಗಿನ ಬೋರ್ಡುಗಳು ಚೆನ್ನಾಗಿವೆ, ಊಟದ ನಂತರದವೂ ಚೆನ್ನಾಗಿವೆ. ನಡುವಿನ ಈ ಒಂದು ಬ್ಯಾಚಿನಲ್ಲಿ ಮಾತ್ರ ಬೆಸುಗೆ ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಸಾಸಿವೆಗಿಂತ ಸಣ್ಣ ಬಿಡಿಭಾಗಗಳು ಬಸ್ಸಿನಲ್ಲಿ ನಿದ್ದೆಹೋದವರ ಹಾಗೆ ಪಕ್ಕದವರ ಮೇಲೆ ವಾಲಿರುತ್ತವೆ.

ಫೋನು ಬಿಟ್ಟು ಪತ್ರ ಬರೆಯಲು ಕಾರಣವಿದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬಯ್ಯಲು ಶುರುಮಾಡುತ್ತೀ, ಉಳಿದರ್ಧ ಹೇಳಲು ನನಗೆ ಧೈರ್ಯ ಬರುವುದಿಲ್ಲ. ಪತ್ರ ನಿನ್ನ ಕೈಸೇರುವ ಹೊತ್ತಿಗೆ ಸೋಮವಾರದ ವಿಚಾರಣೆಯೂ ಮುಗಿದಿರುತ್ತದೆ.

ಮೊದಲು ಇದು ಸುತ್ತಿಕೊಂಡದ್ದು ನಿನ್ನ ಗೆಳತಿ ಪೇಸ್ಟಕ್ಕನ ತಲೆಗೆ. ಬೆಸುಗೆಯ ಪೇಸ್ಟನ್ನು ಫ್ರಿಜ್ಜಿನಿಂದ ತೆಗೆದು ನಾಲ್ಕು ಗಂಟೆ ಹೊರಗಿಟ್ಟು ಆಮೇಲೆ ಮುಚ್ಚಳ ತೆರೆಯುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ತಣ್ಣಗಿರುವಾಗಲೇ ತೆರೆದಿದ್ದೀರಿ ಎಂದು ಮ್ಯಾನೇಜರ್ ಆರೋಪಿಸಿದರು. ಪೇಸ್ಟಕ್ಕ ಟೈಮು ಬರೆದ ಚೀಟಿಗಳನ್ನೆಲ್ಲ ಅವರ ಮೇಜಿನ ಮೇಲೆ ಸುರಿದು, “ನನ್ನ ಮದುವೆಗೇ ನಾನು ಲೇಟಾಗಿ ಹೋದವಳು ಸಾರ್. ಪೇಸ್ಟಿನ ವಿಷ್ಯದಲ್ಲಿ ಒಂದು ನಿಮಿಷ ಆಚೀಚೆ ಆಗಿಲ್ಲ” ಎಂದರು. ಮ್ಯಾನೇಜರ್ ಚೀಟಿಗಳನ್ನು ಎರಡು ಸಲ ಓದಿದರು, ತಪ್ಪು ಸಿಗಲಿಲ್ಲ.

ಮಂಗಳವಾರ ಓವನ್ ಡಾಕ್ಟರು ಬಂದರು. ಪೇಸ್ಟನ್ನು ಕರಗಿಸಿ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಓವನ್ನನ್ನು ತಯಾರಿಸಿದ ಕಂಪನಿಯವರು. ಆ ಹೆಸರು ಇಟ್ಟಿದ್ದು ನಾವು. ಒಂದು ಬೋರ್ಡಿಗೆ ತಂತಿಗಳನ್ನು ಅಂಟಿಸಿ ಓವನ್ನಿನೊಳಗೆ ಕಳಿಸಿದರೆ, ಪ್ರತಿ ಹೆಜ್ಜೆಗೂ ಅದರ ಬಿಸಿ ಎಷ್ಟಿತ್ತೆಂಬ ಗೆರೆ ಪರದೆಯ ಮೇಲೆ ಮೂಡುತ್ತದೆ. ಬೆಳಿಗ್ಗೆ ಹತ್ತೂವರೆಗೆ ನೋಡಿದರು. ಗೆರೆ ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದಿತ್ತು. ಓವನ್ ಆರೋಗ್ಯವಾಗಿದೆ ಎಂದು ರುಜು ಹಾಕಿ ಹೊರಟರು. ಪೇಸ್ಟಕ್ಕ ಬಾಗಿಲಿಗೆ ಅಡ್ಡ ನಿಂತರು. “ಜ್ವರ ಬರೋ ಹೊತ್ತಿಗೆ ಬನ್ನಿ ಸಾರ್. ನೆಟ್ಟಗಿದ್ದಾಗ ನಾಡಿ ಹಿಡಿದ್ರೆ ಏನ್ ಸಿಗುತ್ತೆ?”

ಹಾಗಾಗಿ ನಿನ್ನೆ ಹನ್ನೆರಡಕ್ಕೇ ಬಂದರು. ಬಂದವರು ತಮ್ಮ ಊಟ ಎಲ್ಲಿ ಬಿಸಿ ಮಾಡಲಿ ಎಂದು ವಿಚಾರಿಸಿದರು. ಕ್ಯಾಂಟೀನಿನ ಮೈಕ್ರೋವೇವ್ ಕೆಟ್ಟು ಎರಡು ವಾರವಾಯಿತು. ರಿಪೇರಿಯ ಅರ್ಜಿ ಮ್ಯಾನೇಜರರ ಮೇಜಿನ ಮೇಲಿದೆ. ಅಂದಿನಿಂದ ನಮ್ಮ ಹುಡುಗಿಯರು ಡಬ್ಬಿಗಳನ್ನು ಓವನ್ನಿನ ಕೊನೆಯಲ್ಲಿರುವ ಜಾಲರಿಯ ಮೇಲೆ ಇಡುತ್ತಾರೆ. ಬೋರ್ಡನ್ನು ತಣಿಸಿದ ಫ್ಯಾನಿನ ಗಾಳಿ ಅಲ್ಲಿಂದ ಬೆಚ್ಚಗೆ ಹೊರಬರುತ್ತದೆ. ಅರ್ಧ ಗಂಟೆ ಇಟ್ಟರೆ ಅನ್ನ ಆಗತಾನೇ ಮಾಡಿದ ಹಾಗಿರುತ್ತದೆ. ಹನ್ನೊಂದು ಡಬ್ಬಿಗಳಿದ್ದವು. ಡಾಕ್ಟರು ತಮ್ಮದನ್ನೂ ಇಟ್ಟು ಹನ್ನೆರಡು ಮಾಡಿದರು.

ಗೆರೆ ಈ ಸಲ ಏರಿತು, ಸರಿಯಾಗಿ ಇಳಿಯಲೇ ಇಲ್ಲ. ನಮ್ಮ ಬೆಸುಗೆ ಗಟ್ಟಿಯಾಗುವುದು 217 ಡಿಗ್ರಿಯಲ್ಲಿ. ಬೋರ್ಡು ಹೊರಬಂದಾಗ 222 ಇತ್ತು. ಮೆತ್ತಗಿರುವಾಗಲೇ ಮುಂದಿನ ಕನ್ವೇಯರ್ ಪಟ್ಟಿಯ ಮೇಲೆ ದಡಕ್ಕೆಂದು ಇಳಿದು ಎಲ್ಲ ಅಲುಗಾಡಿತು. ಡಾಕ್ಟರು ಟಾರ್ಚು ಹಿಡಿದು ಓವನ್ನಿನ ಹೊಟ್ಟೆಯೆಲ್ಲ ಹುಡುಕಿದರು. ಏನೂ ಸಿಗದೆ, ಹಸಿವಾಗಿ, ತಮ್ಮ ಡಬ್ಬಿ ಎತ್ತಿಕೊಂಡರು. ಫ್ಯಾನು ಉಸ್ಸೆಂದಿತು. ಡಬ್ಬಿ ಇಟ್ಟರು, ಸುಮ್ಮನಾಯಿತು. ಎತ್ತಿದರು, ಮತ್ತೆ ಉಸ್ಸೆಂದಿತು. ಡಬ್ಬಿಗಳು ಜಾಲರಿ ಮುಚ್ಚಿ ಗಾಳಿ ಕಟ್ಟಿದ್ದರಿಂದಲೇ ಬೋರ್ಡು ತಣಿಯುತ್ತಿರಲಿಲ್ಲ. ಹತ್ತು ದಿನ ಅಪರಾಧಿಯನ್ನು ಹುಡುಕಿ ಸಿಗದಿದ್ದುದಕ್ಕೆ ಕಾರಣ, ದಿನಾ ಹನ್ನೆರಡೂ ಮುಕ್ಕಾಲಿಗೆ ನಾವು ಅದನ್ನು ಕ್ಯಾಂಟೀನಿಗೆ ಒಯ್ದು ತಿಂದು ತೊಳೆದಿಡುತ್ತಿದ್ದದ್ದೇ.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: “ಮೊದಲು ಇಟ್ಟಿದ್ದು ಯಾರು?” ಹನ್ನೊಂದು ಜನರೂ ಚಾವಣಿಯ ದೀಪ ಎಣಿಸಿದೆವು. ಮೂಲೆಯಿಂದ ಪೇಸ್ಟಕ್ಕ, “ನಾನೇ ಸಾರ್” ಎಂದರು. ಅವರನ್ನು ನೆಲಮಾಳಿಗೆಯ ಪ್ಯಾಕಿಂಗಿಗೆ ಹಾಕುವ ಮಾತು ನಡೆದಿದೆ. ಪೇಸ್ಟಿನ ಫ್ರಿಜ್ಜಿನ ಬೀಗದಕೈಯನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ.

ಅಮ್ಮಾ, ಹೋದ ಸಲ ನೀನು ನಿನ್ನ ಸ್ಟೀಲ್ ಡಬ್ಬಿ ಜೋಪಾನವಾಗಿದೆಯೇ ಎಂದು ಕೇಳಿದ್ದೆ. ಬಹಳ ಜೋಪಾನವಾಗಿದೆ. ಮ್ಯಾನೇಜರರ ಬೀರುವಿನಲ್ಲಿದೆ. ಬೀಗ ಹಾಕಿದ್ದಾರೆ.

ಮೊದಲು ಇಟ್ಟವಳು ನಾನು. ಮುಚ್ಚಳದ ಮೇಲೆ ಕೆತ್ತಿಸಿರುವುದು ನಿನ್ನ ಹೆಸರು. ಮೊದಲು ಇಟ್ಟದ್ದು ಅದೇ, ಗೆಳತಿ ತಮಗೆ ಕೊಟ್ಟ ಡಬ್ಬಿ ಎಂದು ಪೇಸ್ಟಕ್ಕ ಹೇಳಿ ನಂಬಿಸಿದ್ದಾರೆ. ನನ್ನ ಕೆಲಸ ಕಾಯಂ ಆಗಲು ಇನ್ನು ಹದಿನಾರು ದಿನವಿದೆ ಎಂಬುದು ಅವರಿಗೆ ಗೊತ್ತು.

ಇನ್ನೊಂದನ್ನೂ ಬರೆದುಬಿಡುತ್ತೇನೆ. “ಗಟ್ಟಿಯಾಗೋ ತನಕ ಅಲ್ಲಾಡಿಸಬೇಡ ಕಣೇ, ಮಂಕಾಗುತ್ತೆ” ಎಂದು ನೀನು ಇಲ್ಲೇ ಕೈಯಲ್ಲಿ ಬೆಸುಗೆ ಹಾಕುತ್ತಿದ್ದ ದಿನಗಳಲ್ಲಿ ಹೇಳುತ್ತಿದ್ದದ್ದು ನನಗೆ ಎಂಟನೆಯ ದಿನವೇ ನೆನಪಾಗಿತ್ತು. ಡಬ್ಬಿಯಿಂದಾಗಿ ಬೋರ್ಡು ತಣಿಯುತ್ತಿಲ್ಲವೇನೋ ಎಂಬ ಅನುಮಾನ ಬಂದು ಆ ದಿನ ನನ್ನ ಡಬ್ಬಿಯೊಂದನ್ನು ಮಾತ್ರ ತೆಗೆದು ನೋಡಿದೆ. ಉಳಿದ ಹತ್ತು ಅಲ್ಲೇ ಇದ್ದವು. ಬೋರ್ಡುಗಳು ಎಂದಿನಂತೆ ಕೆಟ್ಟವು. ನಾನು ನಿರ್ದೋಷಿ ಎಂದು ತೀರ್ಮಾನಿಸಿ ಮರುದಿನ ಮತ್ತೆ ಇಟ್ಟೆ.

ವರದಿ ಬರೆದಿದ್ದೇನೆ. ಕಾರಣ ಎಂಬ ಕಡೆ ‘ಊಟದ ಡಬ್ಬಿ’ ಎಂದೂ, ಆರಂಭಿಸಿದವರು ಎಂಬ ಕಡೆ ನನ್ನ ಹೆಸರನ್ನೂ ಹಾಕಿದ್ದೇನೆ. ಸೋಮವಾರ ಕೊಡುತ್ತೇನೆ. ಕೆಲಸ ಹೋದರೆ ಅಕ್ಕನ ಮನೆಗೆ ಬಂದು ಕೂಸಿನ ಬಟ್ಟೆ ಒಗೆಯುತ್ತೇನೆ.

ಇಂತು,
ನಿನ್ನ ಕಿರಿಮಗಳು

ಮರೆತ ಮಾತು: ವರದಿಯನ್ನು ಇವತ್ತು ಪೇಸ್ಟಕ್ಕನಿಗೆ ತೋರಿಸಿದೆ. ಓದಿ, ಕನ್ನಡಕ ಒರೆಸಿಕೊಂಡು, ಬೆಸುಗೆ ಕರಗಿಸುತ್ತಿದ್ದ ಹಳೆಯ ತೊಟ್ಟಿಯ ಮೇಲೆ ಹತ್ತೊಂಬತ್ತು ವರ್ಷದ ಹಿಂದೆ ಇದೇ ಡಬ್ಬಿ ಇಟ್ಟವರು ಯಾರು, ಆಗ “ನಾನೇ ಸಾರ್” ಎಂದವರು ಯಾರು ಎಂದು ನಿನ್ನನ್ನು ಕೇಳಲು ಹೇಳಿದರು. ಆಮೇಲೆ ಅಂದರು: “ಅಮ್ಮನಿಗೆ ಒಂದ್ಸಲ ಆಯ್ತು, ಮಗಳಿಗೆ ಒಂದ್ಸಲ ಆಯ್ತು. ಮೊಮ್ಮಗಳ ಟೈಮಿಗೆ ನಾನಿರಲ್ಲ ಕಣೇ, ಆ ಡಬ್ಬಿನ ಅವಳ ಕೈಗೆ ಮಾತ್ರ ಕೊಡಬೇಡಿ.” ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಾರೆ.