ಅಕ್ಕನ ಮೇಜಿಗೆ ಬಂದವಳು

೧೪ನೇ ತಾರೀಖು, ಗುರುವಾರ

ಪರಮಪೂಜ್ಯ ಅಕ್ಕನ ಪಾದಗಳಿಗೆ ತಮ್ಮನ ಉದ್ದುದ್ದ ನಮಸ್ಕಾರ.

ಎರಡು ತಿಂಗಳು ಪತ್ರ ಬರೆಯದ ಅಪರಾಧಕ್ಕೆ ಕಿವಿ ಹಿಡಿದು ಮೂರು ಬಸ್ಕಿ ಹೊಡೆದಿದ್ದೇನೆ. ನಾಲ್ಕನೆಯದಕ್ಕೆ ಮೊಣಕಾಲು ಒಪ್ಪಲಿಲ್ಲ.

ನೀನು ಬೇರೆ ಆಸ್ಪತ್ರೆಗೆ ಹೋದಮೇಲೆ ಲ್ಯಾಬಿನಲ್ಲಿ ನಿನ್ನ ಮೇಜು ನನಗೇ ಎಂದು ಧೂಳು ಒರೆಸಿಟ್ಟಿದ್ದೆ. ಡಾಕ್ಟರು ಅದನ್ನು ಹೊಸಬಳಿಗೆ ಕೊಟ್ಟರು. ಜೊತೆಗೆ ನಿನ್ನ ಮುದ್ದಿನ ಈಸ್ಟ್ರೋಜನ್ ರಿಸೆಪ್ಟರ್ ಆ್ಯಂಟಿಬಾಡಿಯನ್ನೂ! ಸ್ತನದ ಗಡ್ಡೆಯ ಚೂರಿನಲ್ಲಿ ಆ ರಿಸೆಪ್ಟರ್ ಎಲ್ಲಡಗಿದ್ದರೂ ಆ ದ್ರವ ಹುಡುಕಿ ಹಿಡಿದು, ಅವಳ ಸ್ಲೈಡಿನಲ್ಲಿ ಕಾಫಿಪುಡಿ ಉದುರಿಸಿದಂತೆ ಕಂದು ಚುಕ್ಕೆ. ನನ್ನದರಲ್ಲಿ ತೊಳೆದ ಲೋಟದ ಕಲೆ. "ನೋಡಿ ಕಲಿಯಪ್ಪಾ" ಅಂದರು ಡಾಕ್ಟರು. ಹೊಟ್ಟೆಗೆ ಕಿಚ್ಚು ಬಿತ್ತು.

ಸೋಮವಾರ ಅವಳು ಕಲಸಿಟ್ಟಿದ್ದ ಆ್ಯಂಟಿಬಾಡಿಯ ಶೀಶೆಗೆ ಕಪ್ಪಂಚಿನ ಚೀಟಿ ಅಂಟಿಸಿದೆ: "ಶ್ರೀಯುತ ಆ್ಯಂಟಿಬಾಡಿಯವರು ಅಲ್ಪಕಾಲದ ಅಸ್ವಸ್ಥತೆಯಿಂದ ದೈವಾಧೀನರಾದರು. ಬಂಧುಮಿತ್ರರು ಬಂದು ಅಳಬೇಕಾಗಿ ವಿನಂತಿ." ಅಷ್ಟರಲ್ಲಿ ಕಾಲಸಪ್ಪಳ. ಗಾಬರಿಯಲ್ಲಿ ಫ್ರಿಜ್ಜಿನ ಬದಲು ಮೇಲಿನ ಫ್ರೀಜರಿಗೆ ತುರುಕಿದೆ. ಮರುದಿನ ನೋಡಿದರೆ ಕಲ್ಲು! ಕಂಕುಳಲ್ಲಿಟ್ಟು ಕರಗಿಸಿ ಫ್ರಿಜ್ಜಿಗೆ ಸೇರಿಸಿದೆ. ಕಲಸಿದ್ದು ಹೆಪ್ಪುಗಟ್ಟಿದರೆ ಕೆಡುತ್ತದೆಂದು ನೀನು ನೂರು ಸಲ ಹೇಳಿದ್ದೆ, ನಿಜ.

ಅವಳು ಚೀಟಿ ಓದಿ ನಕ್ಕು, ಆ ಶೀಶೆಯನ್ನೇ ಬಳಸಿದಳು. ಆ್ಯಂಟಿಬಾಡಿ ಸರಿಯಿದೆಯೇ ಎಂದು ನೋಡಲು ಇಡುವ, ಕಂದಾಗಲೇಬೇಕಾದ ಸ್ಲೈಡೇ ಬೆಳ್ಳಗೆ ಕೂತಿತ್ತು.

"ಫ್ರೀಜರಲ್ಲಿಟ್ಟಿದ್ರಾ?" ಅಂದಳು. ಹೌದೆಂದು ತಲೆಯಾಡಿಸಿದೆ.

ಡಾಕ್ಟರು ಬಂದರು. "ನಾನೇ ಮರ್ತು ಇಟ್ಬಿಟ್ಟೆ ಸರ್. ಎಲ್ಲಾ ಇನ್ನೊಂದ್ಸಲ ಮಾಡ್ತೀನಿ" ಅಂದಳು. ನೋಡಿದೆಯಾ, ಒಳ್ಳೆತನದಲ್ಲೂ ಅವಳೇ ಫಸ್ಟು!

ಹನ್ನೊಂದು ಹೆಂಗಸರ ವರದಿ ಒಂದು ದಿನ ತಡವಾಯಿತು. ಒಬ್ಬರು ಮಗಳ ಕೈ ಹಿಡಿದು ಸಂಜೆತನಕ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅದು ತಮಾಷೆಯಾಗಿರಲಿಲ್ಲ ಅಕ್ಕ. ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ನಿಜ ಹೇಳಿದೆ. ಒಂದು ತಿಂಗಳು ಗಾಜು ತೊಳೆಯುವ ಶಿಕ್ಷೆ.

ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದವನ್ನು ಬೈಗುಳದಲ್ಲಿ ಸುತ್ತಿಯಾದರೂ ಕಳಿಸು.

ಇಂತಿ,
ನಿನ್ನ ಮಂಗ

ತಾ.ಕ.: ನನ್ನ ತಪ್ಪನ್ನು ಯಾಕೆ ಮೈಮೇಲೆ ಹಾಕಿಕೊಂಡೆ ಎಂದು ಅವಳನ್ನು ಕೇಳಿದೆ. "ನಿಮ್ಮಕ್ಕ ಹೇಳಿದ್ರು, ತಮ್ಮನ್ನ ಸ್ವಲ್ಪ ನೋಡ್ಕೋ ಅಂತ. ಪ್ರತಿ ಭಾನುವಾರ ಫೋನಲ್ಲಿ ನಂಗೆ ಒಂದು ಗಂಟೆ ಪಾಠ ಮಾಡ್ತಾರಲ್ಲ" ಅಂದಳು. ಭಾನುವಾರ ನಾನು ಫೋನ್ ಮಾಡಿದಾಗಲೆಲ್ಲ "ಕೆಲ್ಸದಲ್ಲಿದೀನಿ ಕಣೋ, ಆಮೇಲೆ" ಅಂತ ಇಟ್ಟುಬಿಡುತ್ತೀಯಲ್ಲ ಅಕ್ಕ, ಆ ಕೆಲಸ ಇವಳಾ?