ಗುಳುಮುಳುಕನ ಬೆನ್ನ ಮ್ಯಾಲಿನ ಮರಿ

ಅತ್ತೀ,

ನೀವು ಓದೂದಿಲ್ಲ ಅಂತ ಗೊತ್ತಿದ್ದೂ ಬರಿಯಾಕತ್ತೀನಿ. ನೀವು ತೀರಿಕೊಂಡ ಮ್ಯಾಲೆ ಇವತ್ತ ಮೊದಲ ಸಲ ಕೆರಿಗೆ ಹೋಗಿದ್ದೆ.

ಬಾಜೂ ಮನಿ ಸೌಂದರ್ಯಾನ ಎಳೀ ಕೂಸು ಹೋತು. ಆಕಿ ಊಟ, ಮಾತು ಎರಡೂ ಬಿಟ್ಟಿದ್ಲು. ನನ್ನ ಕೂಸು ಹೋದಾಗ ನೀವು "ಏಳವ್ವಾ, ಹಕ್ಕಿ ನೋಡಿ ಬರೂಣು" ಅಂತ ಕೈ ಹಿಡಿದು ಎಬ್ಬಿಸಿದ್ರಲ್ಲಾ, ಹಂಗ ಎಬ್ಬಿಸಿ ಕರಕೊಂಡು ಹೋದೆ.

ಹೈದರಾಬಾದಿನ್ಯಾಗ ಕೆರಿ ಅಂದ್ರ ಗೊತ್ತಲ್ಲಾ, ಅರ್ಧಕ್ಕ ಬಿಲ್ಡಿಂಗ್ ಎದ್ದಾವ. ಉಳಿದ ನೀರಾಗ, ಜೊಂಡಿನ ಮಗ್ಗಲಕ್ಕ, ಗುಳುಮುಳುಕ ಹಕ್ಕಿ ಬೆನ್ನ ಮ್ಯಾಲೆ ಎರಡು ಮರಿ ಹೊತ್ತು ತೇಲಾಕತ್ತಿತ್ತು. ದಂಡಿ ಮ್ಯಾಲೆ ಯಾವುದೋ ನಾಯಿ ಬೊಗಳಿತು. ಹಕ್ಕಿ ಮರಿ ಸಮೇತ ಬುಳುಕ್ ಅಂತ ಮುಳುಗಿತು.

"ಅಕ್ಕಾ, ಮರಿ!" ಅಂತ ಸೌಂದರ್ಯಾ ನನ್ನ ತೋಳು ಹಿಡಕೊಂಡ್ಲು.

ತುಸು ದೂರದಾಗ ಹಕ್ಕಿ ಎದ್ದಿತು. ಒಂದು ಮರಿ ಬೆನ್ನ ಮ್ಯಾಲೇ ಇತ್ತು. ಇನ್ನೊಂದು ಹಿಂದಿನಿಂದ ತೇಲಿ ಬಂದು ಹತ್ತಿಕೊಂಡಿತು. ಸೌಂದರ್ಯಾ ದನಿ ತೆಗೆದು ಅತ್ಲು. ನಿಮ್ಮಂಗ ನಾನೂ ಆಕಿ ಬೆನ್ನು ಸವರಿದೆ.

ಮನಿಗೆ ಬಂದು ಆಕಿ ಒಂದು ರೊಟ್ಟಿ ತಿಂದ್ಲು. "ಈ ಹಕ್ಕಿ ನಿಮಗ ಯಾರು ತೋರಿಸಿದ್ರು, ಅಕ್ಕಾ?" ಅಂತ ಕೇಳಿದ್ಲು.

"ನಮ್ಮವ್ವ" ಅಂದೆ.

ನೀವು ಇದ್ದಾಗ ಒಮ್ಮೆನೂ ಹಂಗ ಕರೆದಿರಲಿಲ್ಲ.

ನಿಮ್ಮ ದಾನೇಶ್ವರಿ