ಹಿಮ್ಮುಖವಾಗಿ ಕೂತ ಗುಂಡುಕಲ್ಲು

ಸೋಮವಾರ,
ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ

ನಮ್ಮ ಗುಂಡುಕಲ್ಲಿನ ತಾಯಿಗೆ,

ನಿನ್ನೆ ಸಂಜೆ ಮಗನನ್ನು ಕರೆದುಕೊಂಡು ಹೋಗಲು ಬಂದವಳು ಗೇಟಿನ ಹತ್ತಿರ ನಿಂತು ಎರಡು ಸಲ ಕೇಳಿದೆ, "ಯಾಕೆ ಹೀಗೆ ಹಲ್ಲು ಕಿರೀತಾ ಇದ್ದೀಯ? ಏನಾಯ್ತು?" ಎಂದು. ಏನೂ ಇಲ್ಲ ಎಂದೆ ನಾನು. ಇತ್ತು. ಆದರೆ ಬಾಯಿ ಬಿಟ್ಟರೆ ಎಲ್ಲವೂ ಒಟ್ಟಿಗೇ ಹೊರಗೆ ಬರುತ್ತಿತ್ತು, ನೀನು ನಡುನಡುವೆ ಪ್ರಶ್ನೆ ಕೇಳುತ್ತಿದ್ದೆ, ನಾನು ತಡವರಿಸುತ್ತಿದ್ದೆ, ಕೊನೆಗೆ ಮಗನ ಕಾರ್ ಸೀಟಿನ ಮಾತು ಎಲ್ಲೋ ಹೋಗಿ ನಮ್ಮ ಮಾಮೂಲಿ ಜಗಳ ಶುರುವಾಗುತ್ತಿತ್ತು. ಕಾಗದದಲ್ಲಿ ಆ ಭಯವಿಲ್ಲ. ಇಲ್ಲಿ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಮದುವೆಯಾದಾಗಿನಿಂದ ನನ್ನ ಮಾತು ಕೊನೆಯವರೆಗೂ ನಡೆಯುತ್ತಿರುವುದು ಇದೇ ಮೊದಲು, ಸ್ವಲ್ಪ ಅನುಭವಿಸಲು ಬಿಡು.

ಸೀಟು ಸಿಕ್ಕಿದೆ. ಸಿಕ್ಕಿದ್ದಷ್ಟೇ ಅಲ್ಲ, ಕಾರಿನಲ್ಲಿ ಕೂತಿದೆ. ಕೂತಿದ್ದಷ್ಟೇ ಅಲ್ಲ, ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ನೀನು ಬರುವ ಹೊತ್ತಿಗೆ ಕಾರಿಗೆ ಹೊದಿಕೆ ಹೊದಿಸಿಬಿಟ್ಟಿದ್ದೆ, ಅದಕ್ಕೇ ನಿನ್ನ ಕಣ್ಣಿಗೆ ಬೀಳಲಿಲ್ಲ.

ನೀನು ಅದೇ ಗೇಟಿನ ಹತ್ತಿರ ನಿಂತು ಹೇಳಿದ್ದು ನನಗೆ ಒಂದಕ್ಷರವೂ ಮರೆತಿಲ್ಲ. ಒಂದನೇ ತಾರೀಖಿನಿಂದ ಆಸ್ಪತ್ರೆಯಲ್ಲಿ ನಿನಗೆ ಹೊಸ ಪಾಳಿ. ವಾರದಲ್ಲಿ ಮೂರು ದಿನ ಮಗ ನನ್ನ ಹತ್ತಿರ ಇರಬಹುದು. ಆದರೆ ನನ್ನ ಮನೆ ಊರಿನ ಈ ತುದಿಯಲ್ಲಿ, ಅವನ ಶಿಶುವಿಹಾರ ಆ ತುದಿಯಲ್ಲಿ, ನಡುವೆ ಹೆದ್ದಾರಿ. "ಸರಿಯಾದ ಸೀಟು ಇಲ್ದೆ ನನ್ನ ಮಗ ಆ ಕಾರು ಹತ್ತಲ್ಲ. ಇಲ್ಲಾಂದ್ರೆ ಪಾಳಿ ಬದಲಾಗೋವರೆಗೂ ನನ್ನ ತಂಗಿ ಮನೇಲಿರ್ತಾನೆ" ಎಂದೆ. ನಿನ್ನ ತಂಗಿಯ ಮನೆಯೆಂದರೆ ಇಡೀ ಒಂದು ದಿನದ ರೈಲು ಪ್ರಯಾಣ. ಆಗ ನನಗೆ ಭಾನುವಾರಗಳೂ ಇಲ್ಲ. ಯಾವ ಸೀಟು ತರಲಿ ಹೇಳು, ಇವತ್ತೇ ತರುತ್ತೇನೆ ಎಂದೆ ನಾನು. ನೀನು ಹೇಳಲಿಲ್ಲ. "ನಾನು ಹೇಳಿದ್ದನ್ನ ತಂದ್ರೆ ಅದು ನನ್ನ ಸೀಟು. ನೀನೇ ತಿಳ್ಕೊಂಡು ತಂದ್ರೆ ಮಾತ್ರ ನಂಬ್ತೀನಿ. ವಾರ್ಡಿನಲ್ಲಿ ನಾನು ನೋಡಿರೋದನ್ನ ನೀನು ನೋಡಿಲ್ಲ" ಎಂದು ಹೇಳಿ ಮಗನನ್ನು ಎತ್ತಿಕೊಂಡು ಹೊರಟುಬಿಟ್ಟೆ. ಆ ಕ್ಷಣ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಹೇಳುತ್ತೇನೆ, ನೀನು ಮಾಡಿದ್ದೇ ಸರಿ.

ನಾನು ಮೊದಲು ಮಾಡಿದ್ದು ನನ್ನಂಥ ದರ್ಜಿಯೊಬ್ಬನೇ ಮಾಡಬಹುದಾದ ಪೆದ್ದು ಕೆಲಸ. ನಮ್ಮ ಗುಂಡುಕಲ್ಲಿಗೆ ಎರಡೂವರೆ ವರ್ಷ, ಹೊಲಿಯುವುದು ನಾಲ್ಕು ವರ್ಷದವರ ಅಳತೆಗೆ. ಅದರ ಮೇಲೂ ಮಡಿಕೆಯಲ್ಲಿ ಬಟ್ಟೆ ಬಿಟ್ಟಿರುತ್ತೇನೆ, ಬೆಳೆಯುವ ಮಗು ಎಂದು. ಕೈಗೆ ಬಂದ ಅಭ್ಯಾಸ ತಲೆಗೂ ಹತ್ತಿತ್ತು. ಬಜಾರಿನ ಅಂಗಡಿಯವನಿಗೆ ಮಗನ ಫೋಟೋ ತೋರಿಸಿದರೆ ಅವನು ಕಣ್ಣರಳಿಸಿ, "ಅಬ್ಬಾ, ಇಷ್ಟು ದೊಡ್ಡೋನಿಗೆ ಪಾಪುಗಳ ಸೀಟ್ಯಾಕೆ ಸಾರ್? ಇದನ್ನ ತಗೊಳ್ಳಿ, ಸ್ಕೂಲು ಮುಗಿಸೋವರೆಗೂ ಬರುತ್ತೆ" ಎಂದು ಬೂಸ್ಟರ್ ಒಂದನ್ನು ಮುಂದಿಟ್ಟ. ಬೆನ್ನಿಲ್ಲದ ಗಟ್ಟಿ ದಿಂಬು, ಅಷ್ಟೇ. ಅದರ ಮೇಲೆ ಕೂರಿಸಿ ಕಾರಿನದೇ ಬೆಲ್ಟು ಹಾಕುವುದು. ವರ್ಷಗಟ್ಟಲೆ ಬರುತ್ತದೆ ಎಂಬ ಮಾತು ಕೇಳಿದ್ದೇ ತಡ, ನಾನು ಕುಣಿದಾಡಿಕೊಂಡು ತಂದುಬಿಟ್ಟೆ.

ಹಿಂದಿನ ಭಾನುವಾರ ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ಅವನನ್ನು ಕೂರಿಸಿ ನೋಡಿದೆ. ಬೆಲ್ಟು ಹೆಗಲ ಮೇಲೆ ಬರಬೇಕಾದದ್ದು ಕುತ್ತಿಗೆಗೇ ಬಂತು. ಸೊಂಟದ ಮೇಲಿರಬೇಕಾದದ್ದು ಹೊಟ್ಟೆಗೆ ಏರಿತು. ನಾನು ಅದನ್ನು ಸರಿಮಾಡುತ್ತಿರುವಾಗಲೇ ನಮ್ಮ ರಾಜಕುಮಾರರು ಸೋಪಿನ ಹಾಗೆ ಕೆಳಗೆ ಜಾರಿ, ಬೆಲ್ಟಿನ ಅಡಿಯಿಂದ ನುಸುಳಿ, ಮುಂದಿನ ಸೀಟಿಗೆ ಹತ್ತಿ ಹಾರ್ನ್ ಬಾರಿಸುತ್ತಿದ್ದರು. ನಮ್ಮ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮಾತ್ರ ಆ ದಿಂಬನ್ನು ಕಿತ್ತು ಹೊರಗಿಟ್ಟೆ. ಸಡಿಲವಾದ ಚಡ್ಡಿ ಜಾರಿದರೆ ನಗಬಹುದು, ಇಲ್ಲಿ ಜಾರಿದರೆ ನಗುವ ಮಾತಲ್ಲ. ಮೈ ನಾಲ್ಕು ವರ್ಷದವನ ಹಾಗಿದ್ದರೂ ಒಳಗಿನ ಮೂಳೆಗೆ ಎರಡೂವರೆಯೇ, ನೆಟ್ಟಗೆ ಕೂರುವ ಬುದ್ಧಿಗೂ ಎರಡೂವರೆಯೇ. ಮಗುವನ್ನು ಕಾಯುವ ವಸ್ತು ಇವತ್ತಿನ ಮೈಗೆ ಸರಿಯಾಗಿ ಕೂರಬೇಕು, ಬೆಳೆಯುವ ಮೈಗಲ್ಲ. ಮರುದಿನವೇ ಆ ದಿಂಬನ್ನು ವಾಪಸ್ಸು ಕೊಟ್ಟು ಬಂದೆ. ಅಂಗಡಿಯವನು ಮೂಗು ಮುರಿದ, ಮುರಿಯಲಿ.

ಆಮೇಲೆ ಒಂದು ವಾರ ನಾನು ಓದಿದ್ದನ್ನು ಶಾಲೆಯಲ್ಲಿ ಓದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಾಗಿರುತ್ತಿದ್ದೆ. ಸೀಟಿಗೆ ಬೇಕಾದದ್ದು ವಯಸ್ಸಲ್ಲ, ಮಗುವಿನ ತೂಕ ಮತ್ತು ಎತ್ತರ ಎಂದು ತಿಳಿಯಿತು. ನಿಂತ ಎತ್ತರ ಒಂದೇ ಸಾಲದು, ಕೂತಾಗ ತಲೆ ಎಲ್ಲಿಗೆ ಬರುತ್ತದೆ, ಹೆಗಲು ಎಲ್ಲಿಗೆ ಬರುತ್ತದೆ ಎಂಬುದೂ ಬೇಕು. ಸಾಧ್ಯವಿರುವಷ್ಟು ದಿನ ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಕೂರಬೇಕು, ಗಾಡಿ ಗುದ್ದಿದರೆ ಆ ಭಾರದ ತಲೆಯನ್ನು ಎಳೆಯ ಕುತ್ತಿಗೆ ತಡೆಯಲಾರದು, ಸೀಟಿನ ಬೆನ್ನು ತಡೆಯುತ್ತದೆ. ಇದನ್ನು ನಿನಗೆ ಹೇಳುತ್ತಿದ್ದೇನಲ್ಲ, ನಗಬೇಡ. ಓದುವಾಗ ವಾರ್ಡಿನಿಂದ ಬಂದ ದಿನಗಳ ನಿನ್ನ ಮುಖ ನೆನಪಾಯಿತು. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನೀನು ಎದ್ದುಬಿಡುತ್ತಿದ್ದೆ.

ನಿನ್ನೆ ನೀನು ಮಗನನ್ನು ಬಿಟ್ಟು ಹೋದ ಕೂಡಲೇ ಅವನನ್ನು ಪಕ್ಕದ ಪಾರ್ಸೆಲ್ ಆಫೀಸಿಗೆ ಕರೆದೊಯ್ದು ತಕ್ಕಡಿಯ ಮೇಲೆ ನಿಲ್ಲಿಸಿದೆ. ಪಾರ್ಸೆಲ್‌ನವನು ತೂಕ ನೋಡಿ, "ಈ ಗಂಟು ಯಾವೂರಿಗೆ ಹೋಗ್ಬೇಕಪ್ಪ?" ಎಂದ. ನಮ್ಮ ಹಿಂದಿನ ಸೀಟಿಗೆ ಎಂದೆ. ಆಮೇಲೆ ಗೋಡೆಗೆ ಒರಗಿಸಿ ಕೂರಿಸಿ ಟೇಪು ಹಿಡಿದೆ. ಹುಟ್ಟಿದಾಗಿನಿಂದ ಅವನನ್ನು ಅಳೆಯುತ್ತಾ ಬಂದಿದ್ದೇನೆ, ಆದರೆ ಒಂದು ದಿನವೂ ಕೂರಿಸಿ ಅಳೆದಿರಲಿಲ್ಲ ನೋಡು. ಕೂತರೆ ನಮ್ಮ ಗುಂಡುಕಲ್ಲು ಅಂಥ ಎತ್ತರವೇನಲ್ಲ! ಎತ್ತರವೆಲ್ಲ ಕಾಲಿನಲ್ಲಿದೆ. ನಿನ್ನ ಅಪ್ಪನ ಕಾಲು ಅವು, ಅನುಮಾನವೇ ಇಲ್ಲ.

ಇನ್ನು ಮೆರವಣಿಗೆಯ ಕಥೆ ಕೇಳು. ದೊಡ್ಡ ಅಂಗಡಿಯೊಂದರಲ್ಲಿ ಸೀಟನ್ನು ನಮ್ಮ ಕಾರಿನಲ್ಲೇ ಇಟ್ಟು, ಮಗುವನ್ನು ಕೂರಿಸಿ ನೋಡಲು ಬಿಡುತ್ತಾರಂತೆ. ಅಂದರೆ ಕಾರೂ ಅಲ್ಲಿಗೆ ಹೋಗಬೇಕು, ಮಗನೂ ಹೋಗಬೇಕು. ಸೀಟಿಲ್ಲದೆ ಅವನು ಕಾರು ಹತ್ತುವ ಹಾಗಿಲ್ಲ, ನಿನ್ನ ಅಪ್ಪಣೆ. ಆದ್ದರಿಂದ ಕಾರಿನಲ್ಲಿ ನಾನೊಬ್ಬನೇ, ಹಿಂದೆ ಬಸ್ಸಿನಲ್ಲಿ ಅಜ್ಜಿ ಮತ್ತು ಮೊಮ್ಮಗ! ಪ್ರತಿ ಸಿಗ್ನಲ್ಲಿನಲ್ಲೂ ಬಸ್ಸು ಪಕ್ಕಕ್ಕೆ ಬಂದು ನಿಲ್ಲುವುದು, ಇವನು ಕಿಟಕಿಗೆ ಮೂಗು ಒತ್ತಿಕೊಂಡು, "ಅಪ್ಪಾ! ಅಪ್ಪನ ಕಾರು!" ಎಂದು ಕಿರುಚುವುದು. ಇಡೀ ಬಸ್ಸು ನನ್ನನ್ನು ದುರುಗುಟ್ಟಿಕೊಂಡು ನೋಡಿತು. ಒಬ್ಬಳು ಹೆಂಗಸು ಅಮ್ಮನನ್ನು ಕೇಳಿಯೇಬಿಟ್ಟಳಂತೆ, "ಕಾರಿಟ್ಕೊಂಡು ಮುದುಕೀನೂ ಮಗೂನೂ ಬಸ್ಸಲ್ಲಿ ಕಳಿಸ್ತಾನಲ್ಲ, ಎಂಥ ಮಗ ರೀ ನಿಮ್ಮವನು?" ಎಂದು. ಅಮ್ಮ, "ಅವನ ಹೆಂಡ್ತಿ ಮಾತು ಮೀರಲ್ಲಮ್ಮ ಅವನು" ಎಂದಳಂತೆ. ಇದನ್ನು ಅಮ್ಮ ನನಗೆ ಹೇಳಿದ ರೀತಿ ನೋಡಬೇಕಿತ್ತು, ಅರ್ಧ ದೂರು, ಅರ್ಧ ಜಂಬ.

ಅಂಗಡಿಯ ಹುಡುಗಿ ಬುದ್ಧಿವಂತೆ, ತಾಳ್ಮೆಯೂ ಇತ್ತು. ಮೊದಲ ಸೀಟಿನಲ್ಲಿ ಅವನ ತಲೆ ಅಂಚನ್ನೇ ದಾಟಿತು, ಅದು ಕೂಸುಗಳದ್ದು. ಆಮೇಲೆ ಎತ್ತರದ ಬೆನ್ನಿನ ಎರಡು ಸೀಟುಗಳನ್ನು ತಂದಳು. ಎರಡೂ ಇವನ ತೂಕವನ್ನು ಹಿಮ್ಮುಖವಾಗಿಯೇ ಹೊರುವಂಥವು, ತಲೆಯ ಮೇಲೆ ಇನ್ನೂ ಜಾಗ ಉಳಿಯುವಂಥವು. ಕೂರಿಸುತ್ತಿದ್ದ ಹಾಗೆ ಅಮ್ಮ ರಾಗ ತೆಗೆದಳು, "ಅಯ್ಯೋ, ಕಾಲು ಎಲ್ಲಿ ಚಾಚುತ್ತೆ ಮಗು? ಹೀಗೆ ಮುದುರ್ಕೊಂಡು ಕೂರಬೇಕಾ?" ಎಂದು. ನಾನು ಉತ್ತರ ಕೊಡುವ ಮೊದಲೇ ನಿನ್ನ ಮಗ ಕೊಟ್ಟ. ಎರಡು ಕಾಲನ್ನೂ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ, ಕೈ ಕಟ್ಟಿ ಕೂತುಬಿಟ್ಟ. ಅಮ್ಮ ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಅಪ್ಪ ಹೊಲಿಗೆ ಹಾಕಲು ಕೂರುತ್ತಿದ್ದದ್ದು ಥೇಟ್ ಹಾಗೆಯೇ. ಅವರನ್ನು ಇವನು ನೋಡಿಯೇ ಇಲ್ಲ. ಆಮೇಲೆ ಸೀಟಿನ ಪಟ್ಟಿ ಬಿಗಿ ಎಂದು ಅವಸರ ಮಾಡಿದ್ದು ಅಮ್ಮನೇ.

ಪಟ್ಟಿಗಳನ್ನು ಬಿಗಿದ ಮೇಲೆ ಹುಡುಗಿ, "ಈಗ ಹೆಗಲ ಹತ್ರ ಪಟ್ಟಿ ಚಿವುಟಿ ನೋಡಿ ಸಾರ್. ಬೆರಳಿಗೆ ಮಡಿಕೆ ಸಿಕ್ಕಿದ್ರೆ ಇನ್ನೂ ಸಡಿಲ ಅಂತ ಅರ್ಥ" ಎಂದಳು. ಜೀವಮಾನವಿಡೀ ಗಿರಾಕಿಗಳ ಹೆಗಲಲ್ಲಿ ಬಟ್ಟೆ ಚಿವುಟಿ ಪಿನ್ನು ಚುಚ್ಚಿದವನಿಗೆ ಹೇಳುವ ಮಾತೇ ಅದು! ಚಿವುಟಿದೆ, ಸಿಗಲಿಲ್ಲ. ಜಂಬದಿಂದ ಅವಳ ಮುಖ ನೋಡಿದೆ. "ಕೋಟು ಬಿಚ್ಚಿ ನೋಡಿ" ಎಂದಳು. ನಾನು ಹತ್ತಿ ತುಂಬಿ ಹೊಲಿದಿದ್ದೆನಲ್ಲ, ಅದೇ ನೀಲಿ ಕೋಟು. ಬಿಚ್ಚಿ ಮತ್ತೆ ಅದೇ ಪಟ್ಟಿ ಹಾಕಿದರೆ ಒಂದು ಹಿಡಿ ಸಡಿಲ! ಗುದ್ದಿದ ಹೊಡೆತಕ್ಕೆ ಹತ್ತಿ ಅಮುಕಿಹೋಗುತ್ತದೆ, ಮಗು ಪಟ್ಟಿಯಿಂದ ಹೊರಗೆ. ನನ್ನ ಕೈಯ ಅತಿ ಚೆಂದದ ಕೆಲಸವೇ ಅವನಿಗೆ ಅಪಾಯವಾಗುತ್ತಿತ್ತು. ಬೇಜಾರಾಯಿತು ನಿಜ, ಆದರೆ ಒಂದೇ ನಿಮಿಷ. ರಾತ್ರಿಯೇ ಆ ಕೋಟಿನ ಬೆನ್ನು ಸೀಳಿ, ಅಂಚು ಕಟ್ಟಿ, ಪಟ್ಟಿ ಹಾಕಿದ ಮೇಲೆ ಮುಂದಿನಿಂದ ಹೊದಿಸುವ ಹಾಗೆ ಮಾಡಿದೆ. ಈಗ ಅದು ಮೊದಲಿಗಿಂತ ಚೆನ್ನಾಗಿದೆ. ಆ ಪಟ್ಟಿಗಳಿಗೆ ಮೆತ್ತನೆಯ ಒಳಪದರ ಹೊಲಿಯಲು ಕೈ ಕಡಿಯುತ್ತಿದೆ. ಆದರೆ ಸೀಟಿಗೆ ಹೊರಗಿನದೇನೂ ಸೇರಿಸಬಾರದು ಎಂದು ಸೂಚನಾಪುಸ್ತಕದಲ್ಲಿದೆ. ಸೇರಿಸಿಲ್ಲ. ನನ್ನ ಸಂಯಮಕ್ಕೆ ನೀನು ಒಂದು ಮೆಚ್ಚುಗೆಯಾದರೂ ಹೇಳಬೇಕು.

ಎರಡು ಸೀಟೂ ಅವನಿಗೆ ಅಚ್ಚುಕಟ್ಟಾಗಿ ಕೂತವು. ಯಾವುದು ಬೇಕು ಎಂದು ಹುಡುಗಿ ಕೇಳಿದಾಗ ಬೂದು ಬಣ್ಣದ್ದು ಸಾಕು, ಕೊಳೆ ಕಾಣುವುದಿಲ್ಲ ಎಂದೆ. ಅಲ್ಲೇ ಅವಳ ಮುಂದೆ ನಾನೇ ಅದನ್ನು ಕಾರಿಗೆ ಬಿಗಿದೆ. ಅವಳು ಬೆಲ್ಟಿನ ಹತ್ತಿರ ಹಿಡಿದು ಎಳೆದು, ಅಲ್ಲಾಡಿಸಿ, "ಪಾಸು" ಎಂದಳು. ಆದರೂ ಮಗನನ್ನು ಅಮ್ಮ ಬಸ್ಸಿನಲ್ಲೇ ವಾಪಸ್ಸು ಕರೆತಂದಳು. ಆ ಹುಡುಗಿಯ ಪಾಸು ನನಗೆ ಸಾಲದು, ಪರೀಕ್ಷೆ ಇಟ್ಟವಳು ನೀನು.

ಮನೆಗೆ ಬಂದವನು ಹೊಸ ಸೀಟಿಗೇ ಹೋಗಬೇಕೆಂದು ರಂಪ ಮಾಡಿದ. ಅಂಗಳದಲ್ಲಿ ಕಾರು ನಿಲ್ಲಿಸಿ, ಕಿಟಕಿ ಬಾಗಿಲು ತೆರೆದಿಟ್ಟು, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು ಕೂರಿಸಿದೆ. ನುಸುಳಲು ನೋಡಿದ, ಆಗಲಿಲ್ಲ. ಜಾರಲು ನೋಡಿದ, ಆಗಲಿಲ್ಲ. ನನ್ನ ಮುಖ ನೋಡಿ ಸೋತವನ ಹಾಗೆ ನಕ್ಕ. ನಾನು ಪಕ್ಕದಲ್ಲಿ ಕೂತು ಅವನಿಗೆ ಗುಂಡಿಗಳ ಡಬ್ಬಿ ಅಲ್ಲಾಡಿಸಿ ತೋರಿಸುತ್ತಿದ್ದೆ. ನೋಡನೋಡುತ್ತಿದ್ದಂತೆ ಹಾಗೇ ನಿದ್ದೆ ಹೋದ. ತಲೆ ಮುಂದಕ್ಕೆ ಬೀಳಲಿಲ್ಲ, ಸೀಟಿನ ಬೆನ್ನಿಗೆ ಒರಗಿತ್ತು. ಕಾರು ಒಂದಿಂಚೂ ಕದಲಿರಲಿಲ್ಲ, ಆದರೆ ನನಗೆ ಇಡೀ ಪ್ರಪಂಚ ಸುತ್ತಿಸಿಕೊಂಡು ಬಂದಷ್ಟು ಸಂತೋಷವಾಯಿತು. ಗೆದ್ದೆ ಅನ್ನಿಸಿತು. ಆ ಹಲ್ಲು ಕಿರಿಯುವಿಕೆಗೆ ಕಾರಣ ಇದೇ.

ಒಂದನೇ ತಾರೀಖು ಬೆಳಿಗ್ಗೆ ಬಾ. ನಿನ್ನ ರೋಗಿಗಳನ್ನು ಎತ್ತುವ ಕೈಯಲ್ಲಿ ಸೀಟನ್ನು ಹಿಡಿದು ಜೋರಾಗಿ ಅಲ್ಲಾಡಿಸು. ಪಟ್ಟಿ ಚಿವುಟು. ಸೀಟಿನ ಬದಿಯ ಗುರುತು ನೋಡಿ ಸರಿಯಾಗಿ ಒರಗಿದೆಯೇ ಎಂದು ಪರೀಕ್ಷಿಸು. ಏನಾದರೂ ತಪ್ಪಿದ್ದರೆ ಮಗನನ್ನು ನಿನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗು, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ತಪ್ಪು ಸಿಗುವುದಿಲ್ಲ. ಅವನ ಬಟ್ಟೆ ತರಬೇಡ, ಇಲ್ಲಿ ಬೇಕಾದಷ್ಟು ಹೊಲಿದಿಟ್ಟಿದ್ದೇನೆ, ಈ ಸಲ ಇವತ್ತಿನ ಅಳತೆಗೆ.

ಇಂತಿ,
ಗುಂಡುಕಲ್ಲಿನ ಅಪ್ಪ

ಮರೆತಿದ್ದು: ಬೂದು ಬಣ್ಣದ ಮಾತು ಸುಳ್ಳು. ಹಿಮ್ಮುಖದ ಸೀಟು ಇಟ್ಟರೆ ಅದರ ಮುಂದಿನ ಸೀಟನ್ನು ಮುಂದಕ್ಕೆ ಸರಿಸಬೇಕಾಗುತ್ತದೆ. ನಮ್ಮದು ಪುಟ್ಟ ಕಾರು, ಇನ್ನೊಂದು ಸೀಟು ಇಟ್ಟಾಗ ಡ್ರೈವರ್ ಪಕ್ಕ ಕೂತವರ ಮಂಡಿ ಡ್ಯಾಶ್‌ಬೋರ್ಡಿನ ಡಬ್ಬಿಯ ಬಾಗಿಲಿಗೆ ತಾಗುತ್ತಿತ್ತು. ಇದರಲ್ಲಿ ತಾಗುವುದಿಲ್ಲ. ಸೊಂಟದಿಂದ ಮಂಡಿಯವರೆಗಿನ ನಿನ್ನ ಅಳತೆ ಹಿಡಿದು ನೋಡಿಯೇ ತಂದೆ. ಆ ಅಳತೆಯನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಮ್ಮ ಆ ಜಾಗದಲ್ಲಿ ಕೂರುವುದಿಲ್ಲವಂತೆ, ಅದು ಯಾರದ್ದು ಎಂದು ಅವಳಿಗೆ ಗೊತ್ತಂತೆ. ಒಂದನೇ ತಾರೀಖು ಪರೀಕ್ಷೆ ಮುಗಿದ ಮೇಲೆ ಬಸ್ಸು ಹಿಡಿಯಬೇಡ. ಮೂವರೂ ಹೋಗಿ ಮಗನನ್ನು ಶಿಶುವಿಹಾರಕ್ಕೆ ಬಿಟ್ಟು ಬರೋಣ.